ಗೆದ್ದವರ ಖರ್ಚು ಯಾರ ಲೆಕ್ಕಕ್ಕೆ?

ಬಿಹಾರದ ಮುಜಫರ್‌ಪುರದ ಸೆಷನ್ಸ್ ನ್ಯಾಯಾಲಯ 1968ರ ಜೂನ್ 3ರಂದು ರುದುಲ್ ಸಾಹ್ ಅವರನ್ನು ಖುಲಾಸೆಗೊಳಿಸಿತು. ಅವರು ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್ 16ರಂದು. ನಿರ್ದೋಷಿಯೊಬ್ಬನ ಹದಿನಾಲ್ಕು ವರ್ಷಗಳನ್ನು ಸರ್ಕಾರ ಹೀಗೆ ನುಂಗಿಹಾಕಿದ್ದಕ್ಕೆ 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ಒಟ್ಟು 35 ಸಾವಿರ ರೂಪಾಯಿ. ಅದೂ ಮಧ್ಯಂತರ ಪರಿಹಾರ. ಪೂರ್ತಿ ನಷ್ಟ ಬೇಕೆಂದರೆ ಪ್ರತ್ಯೇಕ ಸಿವಿಲ್ ದಾವೆ ಹೂಡುವ ದಾರಿಯನ್ನು ತೆರೆದಿಟ್ಟಿತ್ತು. ಈ ತೀರ್ಪಿನ ಹಿರಿಮೆ ದೊಡ್ಡದು. ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಬರೀ ಬಿಡುಗಡೆಯ ಆದೇಶ ಸಾಲದು, ಸರ್ಕಾರ ಹಣವನ್ನೂ ತೆರಬೇಕು ಎಂಬ ಮಾತಿಗೆ ನಮ್ಮಲ್ಲಿ ಬಲ ಬಂದದ್ದೇ ಅಲ್ಲಿಂದ. ಆದರೆ ಹದಿನಾಲ್ಕು ವರ್ಷ ದುಡಿಮೆಯಿಲ್ಲದೆ ಕಳೆದ ಮನುಷ್ಯ ಇನ್ನೊಂದು ದಾವೆಗೆ ಕೋರ್ಟ್ ಶುಲ್ಕ, ವಕೀಲರ ಫೀಸು, ಓಡಾಟದ ಖರ್ಚು ಎಲ್ಲಿಂದ ತರಬೇಕು? ಮಾನವ ಹಕ್ಕುಗಳ ಪ್ರಕರಣಗಳಲ್ಲಿ ನಾವು ಪರಿಹಾರದ ಮೊತ್ತವನ್ನು ಚರ್ಚಿಸಿದಷ್ಟು ಈ ಪ್ರಶ್ನೆಯನ್ನು ಚರ್ಚಿಸಿಲ್ಲ. ನ್ಯಾಯ ಪಡೆಯಲು ಸಂತ್ರಸ್ತರು ಮಾಡಿದ ಖರ್ಚೂ ಅವರಿಗಾದ ಅನ್ಯಾಯದ ಭಾಗವೇ, ಅದನ್ನೂ ಸರ್ಕಾರವೇ ತುಂಬಿಕೊಡಬೇಕು ಎಂಬುದು ನನ್ನ ವಾದ.

ಒಡಿಶಾದ ನೀಲಾವತಿ ಬೆಹೆರಾ ಪ್ರಕರಣ ಈ ವಾದಕ್ಕೆ ಒಳ್ಳೆಯ ಆಧಾರ. 1987ರ ಡಿಸೆಂಬರ್‌ನಲ್ಲಿ ಪೊಲೀಸರು ಕರೆದೊಯ್ದ ಅವರ 22 ವರ್ಷದ ಮಗ ಮರುದಿನ ರೈಲು ಹಳಿಯ ಬಳಿ ಹೆಣವಾಗಿ ಸಿಕ್ಕಿದ. ತಾಯಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯೆಂದು ಸ್ವೀಕರಿಸಿ, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇದು ಸಿವಿಲ್ ದಾವೆಯ ನಷ್ಟಪರಿಹಾರಕ್ಕಿಂತ ಬೇರೆ, ಸಂವಿಧಾನವೇ ಹೊರಿಸುವ ಹೊಣೆ. ಸರ್ಕಾರವೆಂಬ ಕಾರಣಕ್ಕೆ ರಿಯಾಯಿತಿ ಕೇಳುವಂತಿಲ್ಲ ಎಂದು ಕೋರ್ಟ್ ಸ್ಪಷ್ಟಪಡಿಸಿತು. ಅದೇ ಆದೇಶದಲ್ಲಿ ವ್ಯಾಜ್ಯದ ವೆಚ್ಚವೆಂದು 10 ಸಾವಿರ ರೂಪಾಯಿಯನ್ನು ಸುಪ್ರೀಂ ಕೋರ್ಟಿನ ಕಾನೂನು ನೆರವು ಸಮಿತಿಗೆ ಕೊಡುವಂತೆಯೂ ಹೇಳಿತು. ಪರಿಹಾರ ಬೇರೆ, ವೆಚ್ಚ ಬೇರೆ, ಎರಡನ್ನೂ ತಪ್ಪು ಮಾಡಿದವರೇ ಭರಿಸಬೇಕು ಎಂಬ ತತ್ವ ಹೀಗೆ ನಮ್ಮ ಅತ್ಯುನ್ನತ ನ್ಯಾಯಾಲಯದ ಆದೇಶದಲ್ಲೇ ಇದೆ. ಆದರೂ ರಿಟ್ ಅರ್ಜಿಗಳ ಎಷ್ಟೋ ಆದೇಶಗಳು ವೆಚ್ಚದ ಬಗ್ಗೆ ಯಾವ ಆದೇಶವೂ ಇಲ್ಲ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಸೋತವರು ಗೆದ್ದವರ ಖರ್ಚು ಕೊಡಬೇಕೆಂಬ ಸಾಮಾನ್ಯ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಲ್ಲಿದೆ. ಜಮೀನಿನ ವ್ಯಾಜ್ಯದಲ್ಲಿ ಒಪ್ಪಿತವಾದ ಈ ನಿಯಮಕ್ಕೆ ಲಾಕಪ್ ಸಾವಿನ ಪ್ರಕರಣದಲ್ಲಿ ಇನ್ನೂ ಹೆಚ್ಚಿನ ತೂಕವಿರಬೇಕಲ್ಲವೇ?

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಲೆಕ್ಕವನ್ನು ಶಿಸ್ತಿನಿಂದ ಮಾಡುತ್ತದೆ. ಅದರ ಒಡಂಬಡಿಕೆಯ 41ನೇ ವಿಧಿಯ ಅಡಿ ಆಸ್ತಿ-ಆದಾಯದ ನಷ್ಟ, ಮನಸ್ಸಿಗಾದ ನೋವು, ಕಾನೂನು ಹೋರಾಟದ ವೆಚ್ಚ ಈ ಮೂರನ್ನೂ ಬೇರೆ ಬೇರೆಯಾಗಿ ತೂಗಲಾಗುತ್ತದೆ. ಖರ್ಚು ನಿಜವಾಗಿ ಆಗಿರಬೇಕು, ಅಗತ್ಯವಿದ್ದಿರಬೇಕು, ಮೊತ್ತ ನ್ಯಾಯವಾಗಿರಬೇಕು; ಬಿಲ್ಲು ತೋರಿಸದವರಿಗೆ ಸಿಗುವುದಿಲ್ಲ. ತೀರ್ಪು ಅಂತಿಮವಾದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು, ಆಮೇಲೆ ಬಡ್ಡಿ. ಇದರಲ್ಲಿ ನಮ್ಮಿಂದಾಗದ್ದು ಏನೂ ಇಲ್ಲ.

ಗಡುವು ಏಕೆ ಮುಖ್ಯವೆಂಬುದು ನಮ್ಮ ನಾಡಿನ ಕಾಡಂಚಿನ ಜನಕ್ಕೆ ಗೊತ್ತು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಚಿತ್ರಹಿಂಸೆ ನೀಡಿದವೆಂಬ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತು. 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ನಿಗದಿಯಾದದ್ದು 2007ರಲ್ಲಿ. ಸರಾಸರಿ ತಲೆಗೆ ಮೂರು ಲಕ್ಷದ ಆಸುಪಾಸು. ಅಷ್ಟು ವರ್ಷ ಕೂಲಿ ಬಿಟ್ಟು ಸಾಕ್ಷಿ ಹೇಳಲು ಅಲೆದದ್ದಕ್ಕೆ ಅದರಲ್ಲಿ ಬೇರೆ ಬಾಬ್ತಿಲ್ಲ. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಂಥ ಹೆಸರಾಂತರೂ 1994ರ ಬಂಧನಕ್ಕೆ ಸುಪ್ರೀಂ ಕೋರ್ಟಿನಿಂದ 50 ಲಕ್ಷ ರೂಪಾಯಿ ಪಡೆಯಲು 2018ರವರೆಗೆ ಕಾಯಬೇಕಾಯಿತು. ಪತ್ರಿಕೆಗಳ ಗಮನವೇ ಸಿಗದವರ ಪಾಡನ್ನು ಊಹಿಸಿಕೊಳ್ಳಬಹುದು.

ಉಚಿತ ಕಾನೂನು ನೆರವು ಇದೆಯಲ್ಲ ಎಂಬ ಮಾತು ಬರುತ್ತದೆ. ಇದೆ, ಅದು ಅಮೂಲ್ಯವೂ ಹೌದು; 1987ರ ಕಾಯ್ದೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆಲ್ಲ ಆ ಹಕ್ಕು ಕೊಟ್ಟಿದೆ. ಆದರೆ ವಕೀಲರು ಸಿಕ್ಕಿದ ಮಾತ್ರಕ್ಕೆ ಹೋದ ದಿನಗೂಲಿ, ಬಸ್ ಚಾರ್ಜು, ಪದೇ ಪದೇ ಮುಂದೂಡಿಕೆಯಾದ ವಾಯಿದೆಗಳ ಭಾರ ಇಳಿಯುವುದಿಲ್ಲ. ವೆಚ್ಚ ಕೊಟ್ಟರೆ ವಕೀಲರೇ ಸುಳ್ಳು ಮೊಕದ್ದಮೆ ಹುಟ್ಟುಹಾಕುತ್ತಾರೆ ಎಂಬ ಭಯವೂ ನಿಲ್ಲದು, ಏಕೆಂದರೆ ಈ ಹಣ ಸಿಗುವುದು ಹಕ್ಕಿನ ಉಲ್ಲಂಘನೆ ಸಾಬೀತಾದ ಮೇಲೆಯೇ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ತೆರಿಗೆದಾರರದು. ಒಬ್ಬ ಇನ್‌ಸ್ಪೆಕ್ಟರ್ ಮಾಡಿದ ಕ್ರೌರ್ಯಕ್ಕೆ ಜನರ ಹಣವೇಕೆ ಹೋಗಬೇಕು ಎಂಬ ಸಿಟ್ಟು ನ್ಯಾಯವಾದದ್ದು. ಆದರೆ ಸಮವಸ್ತ್ರವನ್ನೂ ಅಧಿಕಾರವನ್ನೂ ಕೊಟ್ಟದ್ದು ಸರ್ಕಾರವಾದ್ದರಿಂದ ಸಂತ್ರಸ್ತರಿಗೆ ಮೊದಲು ಉತ್ತರಿಸಬೇಕಾದದ್ದೂ ಅದೇ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಸರ್ಕಾರದ ಈ ಹೊಣೆಯನ್ನು ಎತ್ತಿಹಿಡಿದು, ಕೊಟ್ಟ ಹಣವನ್ನು ತಪ್ಪಿತಸ್ಥ ನೌಕರನಿಂದ ಕಾನೂನುಬದ್ಧವಾಗಿ ವಸೂಲು ಮಾಡುವ ಹಕ್ಕನ್ನೂ ಒಪ್ಪಿದೆ. ಹಾಗಾಗಿ ಪರಿಹಾರದ ಆದೇಶದಲ್ಲೇ ವೆಚ್ಚದ ಮೊತ್ತ, ಪಾವತಿಯ ಗಡುವು, ತಡವಾದರೆ ಬಡ್ಡಿ, ವಸೂಲಾತಿಗೆ ಹೊಣೆಯಾದ ಅಧಿಕಾರಿ, ಇವಿಷ್ಟನ್ನೂ ನ್ಯಾಯಾಲಯಗಳು ಬರೆಯಬೇಕು. ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಸಂವಿಧಾನದ 32 ಮತ್ತು 226ನೇ ವಿಧಿಗಳು ಕೊಟ್ಟಿರುವ ಅಧಿಕಾರವೇ ಸಾಕು.