ಬೇಸಿಗೆ ರಜೆಗೊಂದು ಅರ್ಜಿ ಹಾಕಿ

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ. ಬಿಇ ಓದುವಾಗ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ನಾನು ಅರ್ಜಿಯನ್ನೇ ಹಾಕಲಿಲ್ಲ. ‘ಅದೆಲ್ಲ ಐಐಟಿಯವರಿಗೆ’ ಅಂದ್ಕೊಂಡಿದ್ದೆ. ತಪ್ಪು! ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಲ್ಲಿ ಕಟ್ಟಿದ ಅಕಾಡೆಮಿಯೂ ಸೇರಿ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಇದನ್ನು ನಡೆಸುತ್ತವೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ. ಸ್ಟೈಪೆಂಡ್, ರೈಲು ಖರ್ಚು ಎರಡೂ ಸಿಗುತ್ತೆ.

ಈ ಸಲ ಬಿಎಸ್ಸಿ ಓದುವ ಚಿಕ್ಕಪ್ಪನ ಮಗಳು ಅರ್ಜಿ ತುಂಬಿದಳು. ಮೊದಲು ‘ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಅಂತ ಬರೆದಿದ್ದಳು. ‘ಅಳಿಸಮ್ಮ, ನಿನ್ನ ತಲೆ ಕೊರೆಯೋ ಪ್ರಶ್ನೆ ಬರಿ’ ಅಂದೆ. ‘ಹಂಗಾದ್ರೆ ಶೇಂಗಾ ಬಗ್ಗೆ ಬರೀಲಾ ಅಣ್ಣ?’ ಅಂದಳು. ಮಳೆ ಕೈಕೊಟ್ಟರೆ ಗಿಡ ಎಷ್ಟು ದಿನ ತಡೆಯುತ್ತೆ, ಹೇಗೆ? ಅದೇ ಅವಳ ಬರಹ ಆಯ್ತು.

ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಕೊನೇ ದಿನ ಹಿಡೀಬೇಡಿ. ತಿಂಗಳು ಮೊದಲೇ ಕೇಳಿ, ನಿಮ್ಮ ಬರಹವನ್ನೂ ಕೊಡಿ.

ಅವಳ ಫಲಿತಾಂಶ ಇನ್ನೂ ಬಂದಿಲ್ಲ. ‘ಅದೆಲ್ಲ ನಮಗಲ್ಲ’ ಅನ್ನೋ ಮಾತಂತೂ ಮನೇಲಿ ನಿಂತಿದೆ.