ಮಾಡಿದವರು ಯಾರು? ಇಂಗ್ಲಿಷಿನ ಕರ್ಮಣಿ ಪ್ರಯೋಗ

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ 'ಪ್ಯಾಸಿವ್ ವಾಯ್ಸ್' ಎಂಬ ಮಾತು ಕೇಳದೆ ಇರದು. ಪರೀಕ್ಷೆಗೆಂದು ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಮರುವಾರ ಮರೆಯುತ್ತಾರೆ. ವಾಕ್ಯವನ್ನು ಹೇಗೆ ತಿರುಗಿಸಬೇಕೆಂದು ಕಲಿತಿರುತ್ತಾರೆ, ಏಕೆ ತಿರುಗಿಸಬೇಕೆಂದು ಕಲಿತಿರುವುದಿಲ್ಲ. ಸಹೋದರಿಯರೇ, ಇವೆರಡನ್ನೂ ನೀವು ಮನೆಯಲ್ಲೇ ಹೇಳಿಕೊಡಬಹುದು.

ಮೊದಲು 'ಹೇಗೆ' ಎಂಬುದನ್ನು ನೋಡೋಣ. 'ಸಲ್ಮಾ ರೋಟ್ ದಿ ಲೆಟರ್' ಎಂದರೆ ಸಲ್ಮಾ ಪತ್ರವನ್ನು ಬರೆದಳು. ಸಲ್ಮಾ ಕರ್ತೃ, ಪತ್ರ ಕರ್ಮ. ಈಗ ಪತ್ರವನ್ನು ವಾಕ್ಯದ ಮೊದಲಿಗೆ ತನ್ನಿ. ಅದರ ಬಳಿಕ ಸಹಾಯಕ ಪದವನ್ನಿಡಿ. ವರ್ತಮಾನಕ್ಕೆ 'ಈಸ್' ಅಥವಾ 'ಆರ್', ಭೂತಕ್ಕೆ 'ವಾಸ್' ಅಥವಾ 'ವರ್', ಭವಿಷ್ಯಕ್ಕೆ 'ವಿಲ್ ಬಿ'. ನಂತರ ಕ್ರಿಯಾಪದದ ಮೂರನೆಯ ರೂಪ. 'ರೈಟ್, ರೋಟ್, ರಿಟನ್' ಎಂದು ಮಕ್ಕಳು ಹೇಳುತ್ತಾರಲ್ಲ, ಅದರಲ್ಲಿ ಕೊನೆಯದು. ಕರ್ತೃ ಬೇಕಿದ್ದರೆ 'ಬೈ' ಸೇರಿಸಿ. 'ದಿ ಲೆಟರ್ ವಾಸ್ ರಿಟನ್ ಬೈ ಸಲ್ಮಾ.' ಕಾಲ ಯಾವುದೇ ಇರಲಿ, ಮೂರನೆಯ ರೂಪ ಬದಲಾಗದು, ಸಹಾಯಕ ಪದ ಮಾತ್ರ ಬದಲಾಗುತ್ತದೆ. 'ಮಗು ಮಲಗಿತು' ಎಂಬಂತೆ ಕರ್ಮವೇ ಇಲ್ಲದ ವಾಕ್ಯವನ್ನು ಹೀಗೆ ತಿರುಗಿಸಲಾಗದು.

ಇನ್ನು 'ಏಕೆ' ಎಂಬ ಪ್ರಶ್ನೆ. ಅರಬಿ ವ್ಯಾಕರಣ ಓದಿದವರಿಗೆ 'ಕತಬ' ಎಂದರೆ ಬರೆದನು, 'ಕುತಿಬ' ಎಂದರೆ ಬರೆಯಲಾಯಿತು ಎಂದು ಗೊತ್ತು. ಎರಡನೆಯದರ ಹೆಸರು 'ಮಜ್‌ಹೂಲ್', ಅಂದರೆ ಅಜ್ಞಾತ. ಮಾಡಿದವನು ಯಾರೆಂದು ಅದು ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಹೆಚ್ಚಾಗಿ ಇದೇ ಉಪಯೋಗ. 'ಮೈ ಪರ್ಸ್ ವಾಸ್ ಸ್ಟೋಲನ್' ಎನ್ನುವಾಗ ಕದ್ದವರು ಯಾರೆಂದು ಗೊತ್ತಿಲ್ಲ. 'ರೈಸ್ ಈಸ್ ಗ್ರೋನ್ ಇನ್ ಮಂಡ್ಯ' ಎನ್ನುವಾಗ ಬೆಳೆದವರ ಹೆಸರು ಬೇಕಿಲ್ಲ, ಭತ್ತ ಎಲ್ಲಿ ಬೆಳೆಯುತ್ತದೆಂಬುದೇ ಮುಖ್ಯ. ಇಂತಹ ಕಡೆ 'ಬೈ' ಬಿಟ್ಟುಬಿಡಬೇಕು.

ಆದರೆ ಗೊತ್ತಿದ್ದೂ ಹೆಸರನ್ನು ಮರೆಮಾಚಲು ಇದೇ ಪ್ರಯೋಗ ಬಳಕೆಯಾಗುತ್ತದೆ. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀರಿ ಎಂದುಕೊಳ್ಳಿ. 'ಯುವರ್ ಅಪ್ಲಿಕೇಶನ್ ಹ್ಯಾಸ್ ಬೀನ್ ರಿಜೆಕ್ಟೆಡ್' ಎಂಬ ಉತ್ತರ ಬರುತ್ತದೆ. ಕನ್ನಡದಲ್ಲಿ ಬಂದರೂ 'ತಿರಸ್ಕರಿಸಲಾಗಿದೆ' ಎಂದೇ ಇರುತ್ತದೆ. ತಿರಸ್ಕರಿಸಿದವರು ಯಾರು? ಕಾರಣವೇನು? ಆ ವಾಕ್ಯದಲ್ಲಿ ಉತ್ತರವಿಲ್ಲ. ಎಷ್ಟೋ ತಾಯಂದಿರು ಇದನ್ನು ಓದಿ, ಇನ್ನೇನೂ ಮಾಡುವಂತಿಲ್ಲವೆಂದು ಕಾಗದವನ್ನು ಮಡಚಿಡುತ್ತಾರೆ. ಹಾಗೆ ಮಾಡಬೇಡಿ. ಪತ್ರದ ಕೆಳಗಿನ ಸಹಿಯನ್ನೂ ಹುದ್ದೆಯನ್ನೂ ಓದಿ, ಕಾರಣ ಕೇಳಿ. ಸರಕಾರಿ ಕಚೇರಿಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಅವರು ಉತ್ತರಿಸಬೇಕು.

ಆದ್ದರಿಂದ ಮಕ್ಕಳು ಪ್ಯಾಸಿವ್ ವಾಯ್ಸ್ ಅಭ್ಯಾಸ ಮಾಡುವಾಗ, ಪ್ರತಿ ವಾಕ್ಯಕ್ಕೂ 'ಮಾಡಿದವರು ಯಾರು, ಅವರ ಹೆಸರೇಕೆ ಇಲ್ಲ?' ಎಂದು ಕೇಳಿ. ಇದನ್ನು ಕೇಳಲು ಕಲಿತ ಮಗುವಿಗೆ ಪಾಠವೂ ಮರೆಯದು, ಮುಂದೆ ಕಚೇರಿಯ ಕಾಗದವೂ ಹೆದರಿಸದು.