ಕತೆಗಾರನ ಕೈ ಪಳಗುವ ಬಗೆ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಹೊಗಳುತ್ತ, ಇವರು ಶಾಸ್ತ್ರವನ್ನು ಕ್ರಮವಾಗಿ ಅಭ್ಯಸಿಸದಿದ್ದರೂ ಕವಿತೆಯ ಮರ್ಮವನ್ನು ಬಲ್ಲವರೆಂದು ಹೇಳಿದೆ. ಈ ಮಾತನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಹಾಗೆ ಹೊಗಳಿದ ಗ್ರಂಥವೇ ಕಾವ್ಯದ ಗುಣವಾವುದು, ದೋಷವಾವುದು, ಪದವನ್ನು ಎಲ್ಲಿ ಹೇಗೆ ಇರಿಸಬೇಕು ಎಂಬುದನ್ನು ಉದಾಹರಣೆಗಳೊಡನೆ ಕಲಿಸುವ ಪಾಠಗ್ರಂಥವೆಂಬುದನ್ನು ಮರೆತುಬಿಡುತ್ತೇವೆ. ಹುಟ್ಟಿನಿಂದ ಬರುವ ಶಕ್ತಿಯನ್ನು ನಂಬಿದ್ದ ಆ ಗ್ರಂಥಕಾರನಿಗೆ ಕಲಿಕೆಯಲ್ಲಿಯೂ ಅಷ್ಟೇ ನಂಬಿಕೆಯಿದ್ದಿತು.

ಇಂದು ಕತೆ ಬರೆಯಲು ಹೊರಡುವ ತರುಣ ತರುಣಿಯರಲ್ಲಿ ಅನೇಕರಿಗೆ ಈ ಎರಡನೆಯ ನಂಬಿಕೆ ಇರುವುದಿಲ್ಲ. ಎರಡು ಮೂರು ಕತೆಗಳನ್ನು ಬರೆದು ಪತ್ರಿಕೆಗೆ ಕಳುಹಿಸುತ್ತಾರೆ. ಅವು ಹಿಂದಿರುಗಿ ಬರುತ್ತವೆ. ‘ನನ್ನಲ್ಲಿ ಪ್ರತಿಭೆಯಿಲ್ಲ’ ಎಂದು ತೀರ್ಮಾನಿಸಿ ಲೇಖನಿಯನ್ನು ಕೆಳಗಿಡುತ್ತಾರೆ. ವೀಣೆಯನ್ನು ಕೈಗೆತ್ತಿಕೊಂಡ ಮೊದಲ ತಿಂಗಳಲ್ಲಿಯೇ ರಾಗಾಲಾಪನೆ ಬರಲಿಲ್ಲವೆಂದು ಯಾರೂ ವೀಣೆಯನ್ನು ಅಟ್ಟಕ್ಕೇರಿಸುವುದಿಲ್ಲ. ಸರಳೆ, ಜಂಟಿವರಸೆ, ಅಲಂಕಾರಗಳನ್ನು ಬಹುಕಾಲ ಸಾಧಿಸಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಹಾಗಾದರೆ ಕತೆ ಬರೆಯುವ ವಿದ್ಯೆಗೆ ಸರಳೆವರಸೆ ಎಂಬುದು ಇದೆಯೇ? ಇದ್ದರೆ ಅದು ಯಾವುದು? ಮನಶ್ಶಾಸ್ತ್ರಜ್ಞರ ಪ್ರಯೋಗಗಳೂ ಕೆಲವು ಹಿರಿಯ ಲೇಖಕರ ಜೀವನಚರಿತ್ರೆಗಳೂ ಈ ಪ್ರಶ್ನೆಗೆ ಬೆಳಕು ನೀಡುತ್ತವೆ.

ಶಕ್ತಿ ಮತ್ತು ಅಭ್ಯಾಸ

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಹುಟ್ಟಿಗೆ ಮೂರು ಅಂಶಗಳನ್ನು ಹೇಳಿದ್ದಾನೆ. ಹುಟ್ಟಿನಿಂದ ಬಂದ ಶಕ್ತಿ ಮೊದಲನೆಯದು. ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ನೈಪುಣ್ಯ ಎರಡನೆಯದು. ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ ಮೂರನೆಯದು. ಈ ಮೂರೂ ಕೂಡಿ ಒಂದೇ ಕಾರಣವಾಗುತ್ತವೆಂಬುದು ಅವನ ಮತ.

ಈ ಮೂರರಲ್ಲಿ ಅಭ್ಯಾಸದ ಪಾಲು ಎಷ್ಟೆಂಬುದನ್ನು ಅಳೆಯಲು ನಮ್ಮ ಕಾಲದ ವಿಜ್ಞಾನಿಗಳು ಯತ್ನಿಸಿದ್ದಾರೆ. ಬರ್ಲಿನ್ ನಗರದ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಆಂಡರ್ಸ್ ಎರಿಕ್ಸನ್ ಮತ್ತು ಆತನ ಸಹೋದ್ಯೋಗಿಗಳು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಹದಿನೆಂಟನೆಯ ವಯಸ್ಸಿನ ಹೊತ್ತಿಗೆ ಅತ್ಯುತ್ತಮರೆನಿಸಿದವರು ಒಬ್ಬೊಬ್ಬರೇ ಕುಳಿತು ಸರಾಸರಿ ಸುಮಾರು ೭,೪೦೦ ಗಂಟೆಗಳಷ್ಟು ಸಾಧನೆ ಮಾಡಿದ್ದರು. ಅವರ ನಂತರದ ದರ್ಜೆಯವರು ಸುಮಾರು ೫,೩೦೦ ಗಂಟೆಗಳಷ್ಟನ್ನೂ, ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರು ಸುಮಾರು ೩,೪೦೦ ಗಂಟೆಗಳಷ್ಟನ್ನೂ ಮಾಡಿದ್ದರು. ಇದರಿಂದಲೇ ‘ಹತ್ತು ಸಾವಿರ ಗಂಟೆ ದುಡಿದರೆ ಯಾರಾದರೂ ಯಾವ ವಿದ್ಯೆಯಲ್ಲಾದರೂ ನಿಪುಣರಾಗುವರು’ ಎಂಬ ಮಾತು ಹುಟ್ಟಿ ಜಗತ್ತಿನಲ್ಲೆಲ್ಲ ಹರಡಿತು.

ಆ ಮಾತು ಅತಿಶಯೋಕ್ತಿ. ಇಂತಹ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರೂಕ್ ಮ್ಯಾಕ್ನಮಾರಾ ಮತ್ತು ಸಂಗಡಿಗರು ೨೦೧೪ರಲ್ಲಿ ಲೆಕ್ಕ ಹಾಕಿದರು. ಜನರ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಪೈಕಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಚದುರಂಗದಂತಹ ಆಟಗಳಲ್ಲಿ ಶೇಕಡ ೨೬, ಸಂಗೀತದಲ್ಲಿ ೨೧, ಕ್ರೀಡೆಗಳಲ್ಲಿ ೧೮, ವಿದ್ಯಾಭ್ಯಾಸದಲ್ಲಿ ಕೇವಲ ೪ ಎಂದು ಅವರಿಗೆ ಕಂಡುಬಂದಿತು. ಅಭ್ಯಾಸವೇ ಸರ್ವಸ್ವವಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಎರಿಕ್ಸನ್ ಒತ್ತಿ ಹೇಳಿದ ಇನ್ನೊಂದು ಮಾತಿದೆ. ಗಂಟೆಗಳನ್ನು ಎಣಿಸಿದರೆ ಸಾಲದು. ತನಗೆ ಬಾರದ ಒಂದು ಅಂಶವನ್ನು ಆರಿಸಿಕೊಂಡು, ಅದನ್ನೇ ಸಾಧಿಸಿ, ತಪ್ಪಾದುದೆಲ್ಲಿ ಎಂಬುದನ್ನು ಆಗಾಗಲೇ ಅರಿತು ತಿದ್ದಿಕೊಳ್ಳುವುದೇ ನಿಜವಾದ ಅಭ್ಯಾಸ. ಒಂದೇ ಬಗೆಯ ಕತೆಯನ್ನು ನೂರು ಸಲ ಬರೆದವನು ನೂರು ಕತೆಗಳನ್ನು ಬರೆದಂತಾಗುವುದಿಲ್ಲ.

ಬರವಣಿಗೆ ಏಕೆ ಕಠಿಣ?

ಕತೆ ಬರೆಯುವವನ ಮನಸ್ಸಿನಲ್ಲಿ ಏಕಕಾಲಕ್ಕೆ ಎಷ್ಟು ಕೆಲಸಗಳು ನಡೆಯುತ್ತಿರುತ್ತವೆಂಬುದನ್ನು ಗಮನಿಸಿ. ಮುಂದೆ ಏನಾಗಬೇಕು, ಪಾತ್ರವು ಹೇಗೆ ಮಾತನಾಡೀತು, ಈ ವಾಕ್ಯಕ್ಕೆ ಯಾವ ಪದ ಒಪ್ಪೀತು, ಹಿಂದಿನ ಪುಟದಲ್ಲಿ ಏನು ಹೇಳಿದ್ದಾಯಿತು, ಓದುವವನಿಗೆ ಅರ್ಥವಾದೀತೇ ಎಂಬ ಪ್ರಶ್ನೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಆದರೆ ಕೆಲಸದ ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಮೆ. ಅವು ಸುಮಾರು ಏಳು ಎಂದು ಜಾರ್ಜ್ ಮಿಲ್ಲರ್ ೧೯೫೬ರಲ್ಲಿ ಹೇಳಿದನು. ನೆಲ್ಸನ್ ಕೋವನ್ ೨೦೦೧ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದನು.

ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬ ವಿದ್ವಾಂಸರು, ಬರೆಯುವಾಗ ಮನಸ್ಸಿಗೆ ಬಂದುದನ್ನೆಲ್ಲ ಗಟ್ಟಿಯಾಗಿ ಹೇಳುವಂತೆ ಲೇಖಕರನ್ನು ಕೇಳಿಕೊಂಡು ಆ ಮಾತುಗಳನ್ನು ಪರಿಶೀಲಿಸಿದರು. ೧೯೮೧ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದಂತೆ ಯೋಜಿಸುವುದು, ಭಾಷೆಗಿಳಿಸುವುದು, ಪರಿಶೀಲಿಸುವುದು ಎಂಬ ಮೂರು ಕ್ರಿಯೆಗಳು ಸಾಲಾಗಿ ಒಂದಾದ ಮೇಲೊಂದು ನಡೆಯದೆ ಒಂದರೊಳಗೊಂದು ನುಗ್ಗುತ್ತಿರುತ್ತವೆ. ಹೊಸದಾಗಿ ಬರೆಯುವವನ ಬಳಲಿಕೆಗೆ ಇದೊಂದು ಮುಖ್ಯ ಕಾರಣ. ಅದನ್ನು ಅವನು ಪ್ರತಿಭೆಯ ಅಭಾವವೆಂದು ತಿಳಿಯುತ್ತಾನೆ. ಈ ಇಕ್ಕಟ್ಟಿಗೆ ಪರಿಹಾರವೂ ಇಲ್ಲಿಯೇ ಇದೆ. ಕೂಡಿಕೊಂಡಿರುವ ಕೆಲಸಗಳನ್ನು ಬಿಡಿಸಿ, ಒಂದೊಂದನ್ನೇ ಬೇರೆಯಾಗಿ ಸಾಧಿಸಬೇಕು. ಈ ಉಪಾಯವನ್ನು ಮುನ್ನೂರು ವರ್ಷಗಳಷ್ಟು ಹಿಂದೆಯೇ ಒಬ್ಬ ಬಾಲಕನು ತನಗೆ ತಾನೇ ಕಂಡುಕೊಂಡನು.

ಫ್ರಾಂಕ್ಲಿನನ ಸರಳೆವರಸೆ

ಮಿಂಚು ವಿದ್ಯುತ್ತೆಂಬುದನ್ನು ತೋರಿಸಲು ೧೭೫೨ರಲ್ಲಿ ಗಾಳಿಪಟದ ಪ್ರಯೋಗ ಮಾಡಿದ ಬೆಂಜಮಿನ್ ಫ್ರಾಂಕ್ಲಿನನ ಹೆಸರನ್ನು ವಾಚಕರು ಬಲ್ಲರು. ೧೭೦೬ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಆತನು ಹನ್ನೆರಡನೆಯ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಒಮ್ಮೆ ಆತನ ಬರಹವನ್ನು ನೋಡಿದ ತಂದೆಯು, ಕಾಗುಣಿತ ಚೆನ್ನಾಗಿದ್ದರೂ ಮಾತಿನ ಸೊಗಸು, ಕ್ರಮ, ಸ್ಪಷ್ಟತೆಗಳು ಸಾಲವೆಂದು ನಿದರ್ಶನ ಸಹಿತ ತೋರಿಸಿದನು. ಬಾಲಕನು ಎದೆಗುಂದದೆ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಸಂಪುಟವನ್ನು ಕೊಂಡು ತಂದನು.

ಆತನು ಮಾಡಿದುದು ಇಷ್ಟು. ಮೆಚ್ಚಿದ ಒಂದು ಪ್ರಬಂಧವನ್ನು ಆರಿಸಿ, ಪ್ರತಿಯೊಂದು ವಾಕ್ಯದ ಭಾವವನ್ನೂ ಚುಟುಕಾಗಿ ಗುರುತು ಹಾಕಿಕೊಳ್ಳುತ್ತಿದ್ದನು. ಕೆಲವು ದಿನಗಳಾದ ಮೇಲೆ ಮೂಲವನ್ನು ನೋಡದೆ, ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆಯುತ್ತಿದ್ದನು. ಅನಂತರ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದನು. ಶಬ್ದಸಂಪತ್ತು ಸಾಲದೆಂದು ಕಂಡಾಗ ಗದ್ಯದ ಕತೆಗಳನ್ನು ಪದ್ಯಕ್ಕೆ ತಿರುಗಿಸಿದನು. ಛಂದಸ್ಸಿಗೆ ಹೊಂದುವ ಪದವನ್ನು ಹುಡುಕುವಾಗ ಒಂದೇ ಅರ್ಥದ ಹಲವು ಪದಗಳು ಕೈವಶವಾಗುವುವಷ್ಟೆ. ಮೂಲವು ಮರೆತ ಮೇಲೆ ಆ ಪದ್ಯವನ್ನು ಮತ್ತೆ ಗದ್ಯವಾಗಿಸುತ್ತಿದ್ದನು. ಕೆಲವೊಮ್ಮೆ ಗುರುತಿನ ಚೀಟಿಗಳನ್ನು ಬೇಕೆಂದೇ ಕಲಸಿಬಿಟ್ಟು, ಕೆಲವು ವಾರಗಳ ಬಳಿಕ ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಲು ಯತ್ನಿಸುತ್ತಿದ್ದನು. ವಾಕ್ಯ, ಪದ, ಕ್ರಮ ಎಂಬ ಮೂರನ್ನೂ ಹೀಗೆ ಬೇರೆ ಬೇರೆಯಾಗಿ ಸಾಧಿಸಿದನು. ಗುರುವಿಲ್ಲದ ಕೊರತೆಯನ್ನು ಮೂಲದೊಡನೆ ಹೋಲಿಸುವ ಕ್ರಮವು ತುಂಬಿಕೊಟ್ಟಿತು.

ಇದರ ಫಲವು ಕಲ್ಪಿತ ಬರವಣಿಗೆಯಲ್ಲಿಯೇ ಕಾಣಿಸಿಕೊಂಡಿತು. ೧೭೨೨ರಲ್ಲಿ, ಹದಿನಾರರ ಆ ಹುಡುಗ ‘ಸೈಲೆನ್ಸ್ ಡುಗುಡ್’ ಎಂಬ ಮಧ್ಯವಯಸ್ಸಿನ ವಿಧವೆಯನ್ನು ಕಲ್ಪಿಸಿ, ಅವಳ ಹೆಸರಿನಲ್ಲಿ ಹದಿನಾಲ್ಕು ಪತ್ರಗಳನ್ನು ಬರೆದನು. ಮೊದಲ ಬರಹವನ್ನು ರಾತ್ರಿಯ ವೇಳೆ ಮುದ್ರಣಾಲಯದ ಬಾಗಿಲ ಕೆಳಗೆ ತೂರಿಸಿದ್ದನು. ಅಣ್ಣನೂ ಗೆಳೆಯರೂ ಅದನ್ನು ಓದಿ ಮೆಚ್ಚಿ, ಬರೆದವರು ಊರಿನ ಯಾವ ವಿದ್ಯಾವಂತರಿರಬಹುದೆಂದು ಊಹಿಸುತ್ತಿದ್ದಾಗ, ಬರೆದವನು ಪಕ್ಕದಲ್ಲಿಯೇ ನಿಂತು ಕೇಳುತ್ತಿದ್ದನು.

ಕನ್ನಡದ ತರುಣ ಲೇಖಕನು ಮಾಸ್ತಿಯವರ ಒಂದು ಸಣ್ಣಕತೆಯನ್ನು ತೆಗೆದುಕೊಂಡು ಇದೇ ಪ್ರಯೋಗವನ್ನು ಮಾಡಿ ನೋಡಬಹುದು. ಮೂಲದಲ್ಲಿ ಎರಡು ವಾಕ್ಯಗಳಲ್ಲಿ ಮುಗಿದ ಸಂಗತಿಗೆ ತಾನು ಒಂದು ಪುಟವನ್ನು ಬಳಸಿದ್ದರೆ, ಕಲಿಯಬೇಕಾದುದೇನೆಂಬುದು ಆಗಲೇ ತಿಳಿಯುವುದು.

ಕಣ್ಣಿನ ಶಿಕ್ಷಣ

ಭಾಷೆ ಪಳಗಿದರೂ ಹೇಳಲು ಏನಾದರೂ ಬೇಕಷ್ಟೆ. ಹೊಸಬರ ಕತೆಗಳಲ್ಲಿ ಸಂಜೆಯಾದರೆ ಹಕ್ಕಿಗಳು ಗೂಡು ಸೇರುತ್ತವೆ, ದುಃಖವಾದರೆ ಕಣ್ಣೀರು ಕೋಡಿ ಹರಿಯುತ್ತದೆ. ನೂರು ಮಂದಿ ನೂರು ಊರುಗಳಲ್ಲಿ ಕಂಡ ಸಂಜೆ ಒಂದೇ ಆಗುವುದೇಕೆ?

ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್ಲೆಟ್ ೧೯೩೨ರಲ್ಲಿ ಪ್ರಕಟಿಸಿದ ಸ್ಮೃತಿಯ ಮೇಲಣ ಗ್ರಂಥದಲ್ಲಿ ಇದಕ್ಕೆ ಉತ್ತರ ದೊರೆಯುವುದು. ಉತ್ತರ ಅಮೆರಿಕದ ಆದಿವಾಸಿಗಳ ಒಂದು ದೆವ್ವದ ಕತೆಯನ್ನು ಆತನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಕಾಲಾಂತರದಲ್ಲಿ ನೆನಪಿನಿಂದ ಬರೆಯಿಸಿದನು. ಕತೆ ಕುಗ್ಗುತ್ತ ಬಂದುದಲ್ಲದೆ ಅಪರಿಚಿತ ವಿವರಗಳೆಲ್ಲ ಪರಿಚಿತ ರೂಪವನ್ನು ತಾಳಿದ್ದವು. ಮರವನ್ನು ಕೊರೆದು ಮಾಡಿದ ಓಡವು ಸಾಮಾನ್ಯ ದೋಣಿಯಾಗಿತ್ತು. ಸೀಲುಗಳ ಬೇಟೆ ಮೀನು ಹಿಡಿಯುವುದಾಗಿತ್ತು. ಸ್ಮೃತಿಯು ಛಾಯಾಚಿತ್ರವಲ್ಲ. ಅದು ಕಂಡುದನ್ನು ತನಗೆ ರೂಢಿಯಾದ ಅಚ್ಚಿಗೆ ಸುರಿದು ಮತ್ತೆ ಕಟ್ಟುತ್ತದೆ. ಬಸ್ ನಿಲ್ದಾಣದಲ್ಲಿ ಮುದುಕನೊಬ್ಬನು ಚಿಲ್ಲರೆಯನ್ನು ಎರಡು ಸಲ ಎಣಿಸಿ, ಒಂದು ನಾಣ್ಯವನ್ನು ಮಾತ್ರ ಬೇರೆ ಜೇಬಿಗೆ ಹಾಕಿಕೊಂಡುದನ್ನು ನಾವು ಕಂಡಿರಬಹುದು. ವಾರ ಕಳೆದು ಬರೆಯಲು ಕುಳಿತಾಗ ಅವನು ‘ಬಡ ಮುದುಕ’ನಾಗಿ ಮಾತ್ರ ಉಳಿದಿರುತ್ತಾನೆ. ಆದುದರಿಂದ ಕತೆಗಾರನಿಗೂ ಪ್ರಯೋಗಶಾಲೆಯವನಂತೆ ಒಂದು ಟಿಪ್ಪಣಿ ಪುಸ್ತಕ ಬೇಕು. ಕಂಡ ದಿನವೇ, ವಿಶೇಷಣಗಳನ್ನು ಬಿಟ್ಟು, ಕಂಡಷ್ಟನ್ನೇ ಬರೆದಿಡಬೇಕು.

ಕನ್ನಡದಲ್ಲಿ ಈ ಕಣ್ಣು ವಿಜ್ಞಾನಕ್ಕೂ ಕತೆಗೂ ಒಂದೇ ಆಗಿದ್ದುದುಂಟು. ಕಾದಂಬರಿಗಳನ್ನು ರಚಿಸಿದ ಶಿವರಾಮ ಕಾರಂತರೇ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ೧೯೮೦ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯು ಹಾರುವ ಓತಿಯೊಂದರ ಅನ್ವೇಷಣೆಯ ಸುತ್ತ ಬೆಳೆದುದು.

ಬರೆದವನ ಕಿವಿ, ಓದುವವನ ಕಿವಿ

೧೯೯೦ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬಾಕೆ ಒಂದು ಸರಳವಾದ ಪ್ರಯೋಗವನ್ನು ಮಾಡಿದಳು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಎದುರಿಗಿರುವವರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಸಲವಾದರೂ ಅವರು ಗುರುತಿಸುವರೆಂದು ತಟ್ಟಿದವರು ನಂಬಿದ್ದರು. ೧೨೦ ಹಾಡುಗಳಲ್ಲಿ ಗುರುತಿಸಲ್ಪಟ್ಟುವು ಮೂರೇ ಮೂರು. ತಟ್ಟುವವನ ತಲೆಯೊಳಗೆ ಹಾಡು ಪೂರ್ತಿಯಾಗಿ ಮೊಳಗುತ್ತಿರುತ್ತದೆ. ಕೇಳುವವನಿಗೆ ಬರಿಯ ಟಕಟಕ ಸದ್ದು.

ಕತೆಗಾರನ ಸ್ಥಿತಿಯೂ ಇದೇ. ‘ಅವಳು ಉತ್ತರಿಸದೆ ಒಳಗೆ ಹೋದಳು’ ಎಂದು ಬರೆದಾಗ ಅವಳ ತಂದೆಯ ಸಾಲ, ಮುರಿದ ಸಂಬಂಧ ಎಲ್ಲವೂ ಅವನಿಗೆ ಕೇಳಿಸುತ್ತದೆ. ಓದುವವನಿಗೆ ಒಬ್ಬಳು ಒಳಗೆ ಹೋದುದು ಮಾತ್ರ ಕಾಣುತ್ತದೆ. ಇದಕ್ಕೆ ಎರಡು ಮದ್ದುಗಳಿವೆ. ಮೊದಲನೆಯದು ಕಾಲ. ಕರಡನ್ನು ಕೆಲವು ವಾರ ಮುಚ್ಚಿಟ್ಟರೆ ತಲೆಯೊಳಗಿನ ಹಾಡು ತಗ್ಗಿ, ಬರೆದವನೇ ಓದುವವನಾಗಲು ಸಾಧ್ಯ. ಎರಡನೆಯದು ಇನ್ನೊಬ್ಬ ಓದುಗ. ಅವನನ್ನು ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುವನು. ‘ಏನಾಯಿತು, ಏಕಾಯಿತು ಹೇಳಿ’ ಎಂದು ಕೇಳಿದರೆ ಕತೆಯಲ್ಲಿ ಬಿಟ್ಟುಹೋದುದು ಹೊರಬೀಳುವುದು.

ತಿದ್ದುವಿಕೆ

‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು ಮೂವತ್ತೊಂಬತ್ತು ಸಲ ಬರೆದೆನೆಂದು ಅರ್ನೆಸ್ಟ್ ಹೆಮಿಂಗ್ವೆ ೧೯೫೮ರಲ್ಲಿ ಪ್ರಕಟವಾದ ಒಂದು ಸಂದರ್ಶನದಲ್ಲಿ ಹೇಳಿದ್ದನು. ೨೦೧೨ರ ಆವೃತ್ತಿಯಲ್ಲಿ ಅವನ ಹಸ್ತಪ್ರತಿಗಳಿಂದ ನಲವತ್ತೇಳು ಬಗೆಯ ಅಂತ್ಯಗಳನ್ನು ಮುದ್ರಿಸಲಾಯಿತು. ಮೊದಲ ಕರಡು ಸಪ್ಪೆಯಾಗಿದ್ದರೆ ಅದು ಸೋಲಿನ ಗುರುತಲ್ಲ.

ಉದ್ಯೋಗಸ್ಥರಿಗೆ ಸಮಯವೆಲ್ಲಿ ಎಂದು ಕೇಳಬಹುದು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿದ್ದ ಆಂಟನಿ ಟ್ರಾಲೋಪನು ಬೆಳಗ್ಗೆ ಐದೂವರೆಗೆ ಬರೆಯಲು ಕುಳಿತು, ಎದುರಿಗೆ ಗಡಿಯಾರವನ್ನಿಟ್ಟುಕೊಂಡು ಕಾಲುಗಂಟೆಗೆ ೨೫೦ ಪದಗಳಂತೆ ಬರೆಯುತ್ತಿದ್ದನೆಂದು ೧೮೮೩ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿದೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದಿ, ವಾಕ್ಯಗಳ ಸದ್ದನ್ನು ಕಿವಿಯಿಂದ ತೂಗಿ ನೋಡಲು ಮೀಸಲಾಗಿತ್ತು. ಅವನು ಬರೆದ ಕಾದಂಬರಿಗಳು ನಲವತ್ತೇಳು. ಅಷ್ಟು ವೇಗ ಎಲ್ಲರಿಗೂ ಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ನಿಯತವಾಗಿ ದೊರೆತರೂ ಮೇಲೆ ಹೇಳಿದ ಸಾಧನೆಗಳೆಲ್ಲ ಸಾಧ್ಯ.

ಮಮ್ಮಟನು ಹೇಳಿದ ಮೂರರಲ್ಲಿ ಶಕ್ತಿಯು ನಮ್ಮ ಕೈಯಲ್ಲಿಲ್ಲ. ನೈಪುಣ್ಯವೂ ಅಭ್ಯಾಸವೂ ನಮ್ಮ ಕೈಯಲ್ಲಿವೆ. ಮೊದಲನೆಯದು ತನ್ನಲ್ಲಿದೆಯೋ ಇಲ್ಲವೋ ಎಂಬುದು ಉಳಿದೆರಡನ್ನು ಮಾಡಿ ನೋಡಿದ ಹೊರತು ಯಾರಿಗೂ ತಿಳಿಯಲಾರದು. ಎರಡು ಕತೆಗಳು ಹಿಂದಿರುಗಿ ಬಂದುವೆಂದು ಲೇಖನಿಯನ್ನು ಕೆಳಗಿಟ್ಟವನು ಸರಳೆವರಸೆಯನ್ನು ಇನ್ನೂ ಆರಂಭಿಸಿಯೇ ಇಲ್ಲ.